ಪ್ರಚಾರದ ಸುಳ್ಳನ್ನು ಸುಳ್ಳು ಅಂತ ಬರೆದರೆ ವರದಿಗಾರ ಪಕ್ಷ ವಹಿಸಿದ ಹಾಗಾಗುತ್ತಾ?

ಎದುರಾಳಿಯ ಮೇಲೆ ಒಬ್ಬ ಅಭ್ಯರ್ಥಿ ಹೊರಿಸುತ್ತಿರುವ ಆರೋಪ ಸುಳ್ಳು ಅಂತ ನಿಮ್ಮ ಕೈಲಿರುವ ದಾಖಲೆಯೇ ಹೇಳುತ್ತಿದೆ. ಹಾಗಂತ ಬರೆದರೆ ಪಕ್ಷ ವಹಿಸಿದ ಹಾಗಾಗುತ್ತೆ ಅನ್ನೋ ಭಯ. ಇಬ್ಬರ ಮಾತನ್ನೂ ಹಾಕಿ ಓದುಗರಿಗೇ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಹಾಗೆ ಬಿಟ್ಟವನು.

ಆಗ ನಾನು ವರದಿಗಾರನಾಗಿ ಎರಡನೇ ವರ್ಷ. ಸ್ಥಳೀಯ ಚುನಾವಣೆ, ಮತದಾನಕ್ಕೆ 9 ದಿನ ಬಾಕಿ. ಒಬ್ಬ ಮಹಿಳಾ ಅಭ್ಯರ್ಥಿಯ ವಿರುದ್ಧ ಒಂದು ಕರಪತ್ರ ಬಂತು. ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚಿಸಿದ್ದು ಈಕೆಯೇ, ಇಲ್ಲಿದೆ ನೋಡಿ ಸಹಿ, ಅಂತ. ಆ ಅಭ್ಯರ್ಥಿ ಹಿಂದೆ ಆಸ್ಪತ್ರೆಯ ಆಡಳಿತ ಸಮಿತಿಯಲ್ಲಿ ಇದ್ದವರು. ಕರಪತ್ರದಲ್ಲಿ ಸಮಿತಿ ಸಭೆಯ ನಡಾವಳಿಯ ಮೊದಲ ಪುಟದ ಫೋಟೊ, ಆಕೆಯ ಸಹಿಯ ಸುತ್ತ ಕೆಂಪು ಗೆರೆ. ಸಹಿ ಅಸಲಿ. ನಡಾವಳಿ ಅಸಲಿ. ವಾರ್ಡ್ ಮುಚ್ಚಿದ್ದೂ ನಿಜ.

ಸುಳ್ಳು ಎಲ್ಲಿತ್ತು ಅಂದರೆ, ಮೊದಲ ಪುಟದಲ್ಲಿದ್ದದ್ದು ಹಾಜರಾತಿ ಸಹಿ. ಸಭೆಗೆ ಬಂದವರೆಲ್ಲ ಹಾಕುವ ಸಹಿ ಅದು. ಯಾರು ಪರ, ಯಾರು ವಿರೋಧ ಅನ್ನೋದು ನಾಲ್ಕನೇ ಪುಟದಲ್ಲಿತ್ತು. ಅಲ್ಲಿ ಆಕೆಯ ಹೆಸರು ವಿರೋಧದ ಕಡೆ ಇತ್ತು. ಸಾಲದು ಅಂತ ಎರಡು ಸಾಲಿನ ಆಕ್ಷೇಪವನ್ನೂ ಬರೆಸಿದ್ದರು. ಆ ನಾಲ್ಕನೇ ಪುಟದ ಜೆರಾಕ್ಸ್ ನನ್ನ ಬ್ಯಾಗಿನಲ್ಲೇ ಇತ್ತು. ಮಧ್ಯಾಹ್ನವೇ ಹೋಗಿ ತಂದಿದ್ದೆ, ನಾನೇನೂ ಸೋಮಾರಿ ಅಲ್ಲ. ಕರಪತ್ರ ಹಂಚಿದವರಿಗೆ ಫೋನ್ ಮಾಡಿದೆ, "ಸಹಿ ಇದೆಯಲ್ಲ ಸ್ವಾಮಿ, ಇನ್ನೇನು ಬೇಕು" ಅಂದರು. ಆಕೆಗೆ ಫೋನ್ ಮಾಡಿದೆ, "ನಾನು ವಿರೋಧಿಸಿದ್ದೆ, ನಡಾವಳಿ ಪೂರ್ತಿ ಓದಿ" ಅಂದರು. ಎರಡೂ ಕಡೆ ಮಾತಾಡಿದ್ದಾಯಿತು, ಕೆಲಸ ಮುಗಿಯಿತು ಅಂದುಕೊಂಡು ಸುದ್ದಿ ಬರೆಯಲು ಕೂತೆ.

ಬರೆದದ್ದು ಹೀಗೆ: "ಆರೋಪವನ್ನು ಅಲ್ಲಗಳೆದಿರುವ ಅವರು, ವಾರ್ಡ್ ಮುಚ್ಚುವ ನಿರ್ಧಾರವನ್ನು ತಾವು ವಿರೋಧಿಸಿದ್ದಾಗಿ ಹೇಳಿಕೊಂಡಿದ್ದಾರೆ."

ಈ ಕೊನೆಯ ಪದವನ್ನು ಇನ್ನೊಂದು ಸಲ ಓದಿ. ಹೇಳಿಕೊಂಡಿದ್ದಾರೆ. ನನ್ನ ಇಡೀ ತಪ್ಪು ಆ ಒಂದು ಪದದಲ್ಲಿದೆ, ಅದಕ್ಕೇ ಸ್ವಲ್ಪ ಜಾಸ್ತಿನೇ ಎಳೆಯುತ್ತೇನೆ, ಬೇಜಾರಾಗಬೇಡಿ. "ವಿರೋಧಿಸಿದ್ದರು" ಅಂದರೆ ನಡೆದ ಸಂಗತಿ. "ವಿರೋಧಿಸಿದ್ದಾಗಿ ಹೇಳಿದ್ದಾರೆ" ಅಂದರೆ ಅವರ ಮಾತು. "ಹೇಳಿಕೊಂಡಿದ್ದಾರೆ" ಅಂದರೆ ಅವರ ಮಾತು, ಜೊತೆಗೆ ನನಗೇನೋ ಅಷ್ಟು ನಂಬಿಕೆ ಇಲ್ಲ ಅನ್ನೋ ಒಂದು ರಾಗ. ಯಾರಾದರೂ ತನ್ನನ್ನು ದೊಡ್ಡ ಸಂಗೀತಗಾರ ಅಂತ ಹೇಳಿಕೊಳ್ಳುತ್ತಾನೆ ಅಂದರೆ ನೀವು ಏನು ಅರ್ಥ ಮಾಡಿಕೊಳ್ತೀರಿ? ಹಾಡೋಕೆ ಬರಲ್ಲ ಅಂತ ತಾನೇ? ನನ್ನ ಬ್ಯಾಗಿನಲ್ಲಿ ನಾಲ್ಕನೇ ಪುಟ ಇಟ್ಟುಕೊಂಡು ನಾನು ಅದೇ ರಾಗ ಎಳೆದೆ. ದಾಖಲೆ ಹೇಳಬೇಕಾಗಿದ್ದ ಮಾತನ್ನು ಆಕೆಯ ಬಾಯಿಗೆ ಹಾಕಿ, ಆಮೇಲೆ ಆ ಬಾಯಿಯನ್ನೇ ಅನುಮಾನಿಸಿದೆ. ನಾಲ್ಕನೇ ಪುಟದ ವಿಷಯ ಬರೆದೇ ಇರಲಿಲ್ಲ ಅಂತಲ್ಲ, ಬರೆದಿದ್ದೆ. ಒಂಬತ್ತನೇ ಪ್ಯಾರಾದಲ್ಲಿ. ಜಾಹೀರಾತು ಜಾಸ್ತಿ ಬಂದ ದಿನ ಡೆಸ್ಕಿನವರು, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಹೊಂದಿಸುವವರು, ನಾವು ಬರೆದದ್ದನ್ನು ಕೆಳಗಿನಿಂದ ಕತ್ತರಿಸುತ್ತಾರೆ ಅಂತ ನನಗೆ ಗೊತ್ತಿತ್ತು. ಅವತ್ತೂ ಕತ್ತರಿಸಿದರು. ಬೆಳಿಗ್ಗೆ ಪೇಪರಿನಲ್ಲಿ ಏಳು ಪ್ಯಾರಾ ಇತ್ತು.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಯಾರೂ ಒತ್ತಡ ಹಾಕಲಿಲ್ಲ. ಯಾರೂ ದುಡ್ಡು ಕೊಡಲಿಲ್ಲ. ನಾನು ನ್ಯಾಯವಂತ ಅಂತ ಕಾಣಿಸಬೇಕಿತ್ತು, ಅಷ್ಟೇ. ಆಕೆಯ ಪರ ದಾಖಲೆಯನ್ನು ಮೇಲೆ ಹಾಕಿದರೆ ನಾನು ಆಕೆಯ ಕಡೆಯವನು ಅಂತ ಎದುರು ಬಣದವರು ಮುನಿಸಿಕೊಳ್ತಾರೆ, ನಾಳೆ ಫೋನ್ ಎತ್ತಲ್ಲ. ದಾಖಲೆಗೆ ಪಕ್ಷ ಇಲ್ಲ ಅನ್ನೋದು ಆ ವಯಸ್ಸಿನಲ್ಲಿ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಇನ್ನೊಂದು ಕರಪತ್ರ ಬಂತು. ಅದರಲ್ಲಿ ನಮ್ಮ ಪತ್ರಿಕೆಯ ಹೆಸರು, ನನ್ನ ಸುದ್ದಿಯ ಹೆಡ್‌ಲೈನು. ಡೆಸ್ಕ್ ಕೊಟ್ಟ ಹೆಡ್‌ಲೈನ್ "ಹೆರಿಗೆ ವಾರ್ಡ್ ಮುಚ್ಚಿಸಿದ ಆರೋಪ: ಅಲ್ಲಗಳೆದ ಅಭ್ಯರ್ಥಿ" ಅಂತ ಇತ್ತು. ಅವರು "ಆರೋಪ" ಪದಕ್ಕೂ ಮುಂಚೆಯೇ ಕತ್ತರಿ ಹಾಕಿದ್ದರು. ಮೇಲೆ ದೊಡ್ಡದಾಗಿ "ಪತ್ರಿಕೆಯಲ್ಲೇ ಬಂದಿದೆ". ಅಲ್ಲಿಯವರೆಗೆ ಅದು ಎದುರು ಬಣದ ಮಾತಾಗಿತ್ತು, ಈಗ ಪತ್ರಿಕೆಯ ಮಾತು. ಮೊಹರು ಒತ್ತಿದ್ದು ನಾನು.

ಆಮೇಲೆ ಗಡಿಬಿಡಿಯಲ್ಲಿ "ಹೆರಿಗೆ ವಾರ್ಡ್ ಮುಚ್ಚಿಸಿದ್ದು ಆಕೆಯೇ?" ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿ ಒಂದು ಬಾಕ್ಸ್ ಐಟಂ, ಅಂದರೆ ಚೌಕಟ್ಟಿನೊಳಗಿನ ಚಿಕ್ಕ ಸುದ್ದಿ, ಮಾಡಿದೆವು. ಅದರಲ್ಲಿ ನಾಲ್ಕನೇ ಪುಟದ ವಿಷಯ ಪೂರ್ತಿ ಇತ್ತು. ಆದರೆ ಪೇಪರ್ ಮಡಚಿ ಇಡುವವನ ಕಣ್ಣಿಗೆ ಬೀಳೋದು ಹೆಡ್‌ಲೈನು, ಅದರಲ್ಲಿ ಇದ್ದದ್ದು ಮತ್ತೆ ಅದೇ ಸುಳ್ಳು. ಆಕೆ ಸೋತರು. ಆ ಕರಪತ್ರದಿಂದಲೇ ಸೋತರು ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ, ಅದಕ್ಕೇ ಹೇಳಲ್ಲ. ಫಲಿತಾಂಶ ಬಂದ ಮಾರನೇ ದಿನ ಆಕೆಯೇ ಫೋನ್ ಮಾಡಿದರು. ಬೈಯಲಿಲ್ಲ. "ನಾಲ್ಕನೇ ಪುಟ ಮೊದಲ ದಿನವೇ ನಿಮ್ಮ ಹತ್ತಿರ ಇತ್ತಲ್ವಾ?" ಅಂತ ಒಂದೇ ಮಾತು ಕೇಳಿದರು. ಹೂಂ ಅಂದೆ. ಇಟ್ಟುಬಿಟ್ಟರು.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಈ ತಪ್ಪು ನನ್ನದೊಬ್ಬನದೇ ಅಲ್ಲ, ನಮ್ಮ ವೃತ್ತಿಯದೇ ಹಳೇ ರೋಗ. 1950ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟರ್ ಜೋಸೆಫ್ ಮೆಕಾರ್ಥಿ, ವಿದೇಶಾಂಗ ಇಲಾಖೆಯಲ್ಲಿ 205 ಕಮ್ಯುನಿಸ್ಟರಿದ್ದಾರೆ, ಪಟ್ಟಿ ನನ್ನ ಕೈಲಿದೆ ಅಂದ ಅಂತ ವರದಿಯಾಯಿತು. ಕೆಲವೇ ದಿನದಲ್ಲಿ ಆ ಸಂಖ್ಯೆ 57 ಆಯಿತು, ಆಮೇಲೆ 81 ಆಯಿತು. ಪಟ್ಟಿ ತೋರಿಸು ಅಂತ ಪಟ್ಟು ಹಿಡಿಯೋ ಬದಲು ಎಷ್ಟೋ ಪತ್ರಿಕೆಗಳು ಸೆನೆಟರ್ ಹೇಳಿದರು ಅಂತ ಹಾಕುತ್ತಲೇ ಹೋದವು. ಅವನು ಹಾಗೆ ಹೇಳಿದ್ದಂತೂ ನಿಜ ತಾನೇ, ನಾವು ಸುಳ್ಳು ಬರೆದಿಲ್ಲ ಅನ್ನೋ ಸಮಾಧಾನ. ನನ್ನ "ಹೇಳಿಕೊಂಡಿದ್ದಾರೆ" ಕೂಡ ಅದೇ ಜಾತಿಯದು.

1988ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಡುಕಾಕಿಸ್ ಟ್ಯಾಂಕ್ ಮೇಲೆ ಕೂತ ದೃಶ್ಯ ಇಟ್ಟುಕೊಂಡು, ಇವನು ಹೆಚ್ಚುಕಡಿಮೆ ಎಲ್ಲ ರಕ್ಷಣಾ ವ್ಯವಸ್ಥೆಗಳನ್ನೂ ವಿರೋಧಿಸಿದವನು ಅಂತ ಎದುರಾಳಿ ಬುಷ್ ಕಡೆಯವರು ಜಾಹೀರಾತು ಮಾಡಿದರು. ಅದರಲ್ಲಿ ತಪ್ಪು ಮಾತುಗಳಿದ್ದವು. ಆ ಚುನಾವಣೆ ಮುಗಿದ ಮೇಲೆ ಪತ್ರಕರ್ತರಿಗೇ ನಾಚಿಕೆ ಆಯಿತು ಅಂತ ಕಾಣುತ್ತೆ. ವಾಷಿಂಗ್ಟನ್ ಪೋಸ್ಟ್‌ನ ಅಂಕಣಕಾರ ಡೇವಿಡ್ ಬ್ರೋಡರ್ 1990ರ ಹೊತ್ತಿಗೆ, ಅಭ್ಯರ್ಥಿಯ ಭಾಷಣವನ್ನು ಪರೀಕ್ಷಿಸುವ ಹಾಗೇ ಜಾಹೀರಾತನ್ನೂ ಪರೀಕ್ಷಿಸಬೇಕು ಅಂತ ಬರೆದರು. ಜಾಹೀರಾತು ಪರಿಶೀಲನೆಯ ಅಂಕಣಗಳು ಹಲವು ಕಡೆ ಶುರುವಾದವು.

ಅಲ್ಲೂ ಒಂದು ಎಡವಟ್ಟು. ಟಿವಿಯವರು ಸುಳ್ಳು ಜಾಹೀರಾತನ್ನು ಪರದೆ ತುಂಬಾ ಹಾಕಿ, ಹಿಂದಿನಿಂದ ಧ್ವನಿಯಲ್ಲಿ ತಿದ್ದುತ್ತಿದ್ದರು. ನೋಡಿದವರ ತಲೆಯಲ್ಲಿ ಜಾಹೀರಾತು ಉಳಿಯಿತು, ತಿದ್ದುಪಡಿ ಉಳಿಯಲಿಲ್ಲ. ಕ್ಯಾಥ್ಲೀನ್ ಹಾಲ್ ಜೇಮಿಸನ್ ಅನ್ನೋ ಸಂವಹನ ವಿದ್ವಾಂಸೆ ಇದನ್ನು ಅಧ್ಯಯನ ಮಾಡಿ, ಜಾಹೀರಾತನ್ನು ಕುಗ್ಗಿಸಿ ಚಿಕ್ಕ ಚೌಕದಲ್ಲಿ ಹಾಕಿ, ಅದರ ಮೇಲೇ ತಪ್ಪು ಅಂತ ಗುರುತು ಬರೆಯಿರಿ ಅಂತ ಸೂಚಿಸಿದರು. ಇದನ್ನು ಓದಿದಾಗ ನಮ್ಮ ಪ್ರಶ್ನಾರ್ಥಕ ಚಿಹ್ನೆಯ ಬಾಕ್ಸ್ ಐಟಂ ಕಣ್ಣೆದುರು ಬಂತು.

2004ರಲ್ಲಿ ಅಮೆರಿಕದ ಅಧ್ಯಕ್ಷ ಅಭ್ಯರ್ಥಿ ಜಾನ್ ಕೆರಿ ತನ್ನ ಯುದ್ಧ ಸೇವೆ ಬಗ್ಗೆ ಸುಳ್ಳು ಹೇಳಿದ್ದಾರೆ ಅಂತ ಆರೋಪಿಸಿದ ಜಾಹೀರಾತು ಮೊದಲು ಪ್ರಸಾರವಾಗಿದ್ದು ಮೂರೇ ರಾಜ್ಯಗಳಲ್ಲಿ. ಉಳಿದ ದೇಶಕ್ಕೆ ಅದನ್ನು ಪುಕ್ಕಟೆ ಹಂಚಿದ್ದು ಸುದ್ದಿ ವಾಹಿನಿಗಳು. ನೌಕಾಪಡೆಯ ದಾಖಲೆಗಳು ಬೇರೆಯೇ ಹೇಳುತ್ತಿದ್ದವು. ಚರ್ಚೆಯಲ್ಲಿ ಮಾತ್ರ ಈ ಕಡೆಯ ಒಬ್ಬ, ಆ ಕಡೆಯ ಒಬ್ಬ, ನಡುವೆ ನಿರೂಪಕ. ದಾಖಲೆಗೆ ಕುರ್ಚಿ ಹಾಕಿದವರು ಕಡಿಮೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನೀವು ಪ್ರಶ್ನೆ ಕೇಳಿರುವ ರೀತಿಯೇ ತಪ್ಪು ಅನ್ನಿಸುತ್ತೆ ನನಗೆ. ಪಕ್ಷ ವಹಿಸಿದ ಹಾಗಾಗುತ್ತಾ ಅಂತ ಕೇಳ್ತೀರಿ. ಆ ಆರೋಪವನ್ನು ಸುದ್ದಿ ಅಂತ ಅಚ್ಚು ಹಾಕಿದ ಕ್ಷಣವೇ ನೀವು ಒಂದು ಕಡೆಗೆ ಕೆಲಸ ಮಾಡಿಕೊಟ್ಟಿರುತ್ತೀರಿ. ಓದುಗರು ನಿರ್ಧರಿಸಲಿ ಅನ್ನೋದು ಕೇಳೋಕೆ ಚೆನ್ನಾಗಿದೆ, ಆದರೆ ಓದುಗರ ಹತ್ತಿರ ನಾಲ್ಕನೇ ಪುಟ ಇದೆಯಾ? ನಿಮ್ಮ ಹತ್ತಿರ ಇದೆ. ಬಚ್ಚಿಟ್ಟುಕೊಂಡು ನೀವೇ ಯೋಚನೆ ಮಾಡಿ ಅನ್ನೋದು ಯಾವ ಸೀಮೆ ನ್ಯಾಯ?

ಹಾಗಂತ ಸಿಕ್ಕಿದ್ದಕ್ಕೆಲ್ಲ ಸುಳ್ಳು ಅಂತ ಮುದ್ರೆ ಒತ್ತಬೇಡಿ. ಕಟುವಾದ ಟೀಕೆ ಬೇರೆ, ಸುಳ್ಳು ಬೇರೆ. "ಇವರು ಅಸಮರ್ಥರು" ಅನ್ನೋದು ಅಭಿಪ್ರಾಯ, ಅದನ್ನು ಪರಿಶೀಲಿಸೋಕೆ ಹೋದರೆ ನಗೆಪಾಟಲಾಗ್ತೀರಿ. "ಇವರು ಇಂಥ ದಿನ ಹೀಗೆ ಮತ ಹಾಕಿದರು" ಅನ್ನೋದು ಪರಿಶೀಲಿಸಬಹುದಾದ ಮಾತು. ಇನ್ನೊಂದು, ಲೆಕ್ಕ ಸರಿದೂಗಿಸೋಕೆ ಅಂತ ಆ ಕಡೆಯ ಒಂದು ಸುಳ್ಳು ಸಿಕ್ಕಿದ ತಕ್ಷಣ ಈ ಕಡೆಯದೂ ಒಂದು ಹುಡುಕಿ ತರಬೇಡಿ. ಸಿಕ್ಕರೆ ಬರೆಯಿರಿ, ಇಲ್ಲದಿದ್ದರೆ ಇಲ್ಲ. ಒಂದು ಕಡೆಯವರು ಜಾಸ್ತಿ ಸುಳ್ಳು ಹೇಳಿದರೆ ಅವರ ಬಗ್ಗೆ ಜಾಸ್ತಿ ಬರೆಯಬೇಕಾಗುತ್ತೆ. ಅದು ಅವರ ಸಮಸ್ಯೆ.

ಬರೆಯುವಾಗ ಮೊದಲ ಸಾಲಿನಲ್ಲೇ ನಡೆದದ್ದನ್ನು ಹೇಳಿ. ನಾನಾಗಿದ್ದರೆ ಈಗ ಹೀಗೆ ಬರೆಯುತ್ತಿದ್ದೆ: "ಹೆರಿಗೆ ವಾರ್ಡ್ ಮುಚ್ಚುವುದನ್ನು ಆಕೆ ವಿರೋಧಿಸಿದ್ದರು ಎಂದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ಹಾಜರಾತಿ ಸಹಿಯನ್ನು ತೋರಿಸಿ, ಆಕೆ ಒಪ್ಪಿದ್ದರೆಂದು ಕರಪತ್ರವೊಂದು ಹೇಳುತ್ತಿದೆ." ಆರೋಪ ಎರಡನೇ ಸಾಲಿಗೆ ಹೋಯಿತು, ಅದೂ ಒಂದೇ ಸಲ. ದಾಖಲೆಯ ಫೋಟೊ ಹಾಕಿ, ಕರಪತ್ರದ್ದು ಬೇಡ. ಹೆಡ್‌ಲೈನನ್ನು ನೀವೇ ಬರೆದುಕೊಡಿ, ಡೆಸ್ಕಿನವರು ಬದಲಾಯಿಸಿದರೆ ಜಗಳ ಆಡಿ. ಅದನ್ನು ಹೇಗೆ ಕತ್ತರಿಸಿದರೂ ಸುಳ್ಳು ಹೊರಬರಬಾರದು, ಬೇಕಾದರೆ ಬೆರಳಿನಿಂದ ಮುಚ್ಚಿ ಮುಚ್ಚಿ ನೋಡಿ. ನಾನು ಈಗಲೂ ಹಾಗೆ ನೋಡ್ತೀನಿ, ಜೂನಿಯರುಗಳು ನಗ್ತಾರೆ.

ಆರೋಪ ಮಾಡಿದವರಿಗೆ ಇನ್ನೊಂದು ಸಲ ಫೋನ್ ಮಾಡಿ. ಏನು ಹೇಳ್ತೀರಿ ಅಂತ ಕೇಳಬೇಡಿ, ನಿಮ್ಮ ಕೈಲಿರುವ ಸಾಲನ್ನು ಓದಿ ಹೇಳಿ, ಇದಕ್ಕೇನಂತೀರಿ ಅಂತ ಕೇಳಿ. ಅವರ ಉತ್ತರವನ್ನೂ ಹಾಕಿ. ಮುನಿಸಿಕೊಳ್ತಾರೆ, ಸ್ವಲ್ಪ ದಿನ ಮಾತಾಡಲ್ಲ. ಮುಂದಿನ ಸುದ್ದಿ ಬೇಕಾದಾಗ ಅವರೇ ಫೋನ್ ಮಾಡ್ತಾರೆ, ಇದನ್ನು ಅನುಭವದಿಂದ ಹೇಳ್ತಿದ್ದೀನಿ.

ಮತದಾನಕ್ಕೆ ಎಷ್ಟು ದಿನ ಇದೆ ಅಂತ ನೀವು ಬರೆದಿಲ್ಲ. ಎಷ್ಟಿದ್ದರೂ ಇವತ್ತೇ ಕೊಡಿ. ಅದಕ್ಕೂ ಮುಂಚೆ ನಿಮ್ಮ ಹತ್ತಿರ ಇರೋ ದಾಖಲೆಯಲ್ಲಿ ಎಲ್ಲಾ ಪುಟ ಇದೆಯಾ ಅಂತ ಎಣಿಸಿ. ಐದನೇ ಪುಟ ಅಂತ ಒಂದಿದ್ದು, ಅದನ್ನು ನೀವು ನೋಡದೇ ಇದ್ದರೆ ಕಷ್ಟ.