ದೇವರಿಗೆ ಹೆದರಬೇಕೋ, ದೇವರನ್ನು ಪ್ರೀತಿಸಬೇಕೋ?

ನೀವು ಕೇಳಿರುವುದರಲ್ಲಿ ಎರಡು ವಿಷಯಗಳಿವೆ. ‘ದೇವರಿಗೆ ಭಯಪಡು’ ಅಂತಲೂ ‘ಪೂರ್ಣ ಪ್ರೀತಿ ಭಯವನ್ನು ಹೊರಗಟ್ಟುತ್ತದೆ’ ಅಂತಲೂ ಒಂದೇ ಬೈಬಲ್ ಹೇಳುತ್ತದಲ್ಲ, ಯಾವುದನ್ನು ಹಿಡಿಯಲಿ ಎಂಬುದು ಒಂದು. ದಿನಾ ಜಪಮಾಲೆ, ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಯಾವುದನ್ನೂ ತಪ್ಪಿಸದಿದ್ದರೂ ಎಲ್ಲವನ್ನೂ ನರಕದ ಹೆದರಿಕೆಯಿಂದಲೇ ಮಾಡುತ್ತಿದ್ದೇನೆ, ಗುರುಗಳ ಮುಂದೆ ಪಾಪಗಳನ್ನು ಹೇಳಿ ಕ್ಷಮೆ ಪಡೆಯುವ ಪಾಪನಿವೇದನೆ ಮಾಡಿ ಬಂದ ಮೇಲೂ ಸಮಾಧಾನವಿಲ್ಲ, ಇದೂ ಒಂದು ಭಕ್ತಿಯೇ ಎಂಬ ಕೊರಗು ಇನ್ನೊಂದು. ನಾನು ಕಥೋಲಿಕ ಧರ್ಮಸಭೆಯ ದೃಢೀಕರಣ ಸಂಸ್ಕಾರಕ್ಕೆ (ಜ್ಞಾನಸ್ನಾನ ಪಡೆದವರನ್ನು ವಿಶ್ವಾಸದಲ್ಲಿ ಬಲಪಡಿಸುವ ವಿಧಿ) ತಯಾರಾಗುವ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಪವಿತ್ರಾತ್ಮರ ಏಳು ವರದಾನಗಳಲ್ಲಿ ಕೊನೆಯದಾದ ದೇವಭಯಕ್ಕೆ ಬಂದಾಗಲೆಲ್ಲ ಯಾರಾದರೊಬ್ಬರು ಕೈ ಎತ್ತುತ್ತಾರೆ: ಭಯ ಹೇಗೆ ವರದಾನವಾಗುತ್ತದೆ?

ವಿಮೋಚನಾಕಾಂಡದ 20ನೇ ಅಧ್ಯಾಯದ 20ನೇ ವಚನ ತೆಗೆದು ನೋಡಿ. ಸಿನಾಯ್ ಬೆಟ್ಟ ಹೊಗೆಯಾಡುತ್ತಿದೆ. ಗುಡುಗು, ಮಿಂಚು, ಕೊಂಬಿನ ಸದ್ದು. ಜನ ನಡುಗುತ್ತಾ ದೂರ ನಿಂತು, ದೇವರು ನಮ್ಮೊಡನೆ ಮಾತಾಡುವುದು ಬೇಡ, ಮಾತಾಡಿದರೆ ಸತ್ತೇ ಹೋಗುತ್ತೇವೆ ಎಂದು ಮೋಶೆಗೆ ಹೇಳುತ್ತಾರೆ. ಆಗ ಮೋಶೆ, ಹೆದರಬೇಡಿ, ನೀವು ಪಾಪಮಾಡದಂತೆ ತಮ್ಮ ಭಯ ನಿಮ್ಮಲ್ಲಿರಲಿ ಎಂದೇ ದೇವರು ಬಂದಿದ್ದಾರೆ ಎನ್ನುತ್ತಾನೆ. ಒಂದು ಭಯವನ್ನು ಬಿಡಿಸಿ ಇನ್ನೊಂದನ್ನು ಕೈಗಿಡುವುದು ಒಂದೇ ವಚನದಲ್ಲಿ ನಡೆದುಹೋಗುತ್ತದೆ. ಮೊದಲನೆಯದು ದೇವರಿಂದ ದೂರ ಓಡಿಸುತ್ತದೆ, ಎರಡನೆಯದು ಪಾಪದಿಂದ.

ನಿಮ್ಮ ಮೊದಲ ಪ್ರಶ್ನೆಯನ್ನೇ ಆದಿ ಧರ್ಮಸಭೆಯ ಮಹಾ ಬೋಧಕ ಸಂತ ಅಗಸ್ತೀನರು ಯೊವಾನ್ನನ ಮೊದಲ ಪತ್ರದ ಮೇಲಿನ ಪ್ರಬೋಧನೆಯಲ್ಲಿ ಎತ್ತಿಕೊಂಡಿದ್ದಾರೆ. ಪ್ರೀತಿ ಭಯವನ್ನು ಹೊರಗಟ್ಟುತ್ತದೆ ಎಂದು ಯೊವಾನ್ನ, ದೇವಭಯ ಸದಾಕಾಲ ನಿಲ್ಲುತ್ತದೆ ಎಂದು 19ನೇ ಕೀರ್ತನೆ. ಎರಡೂ ಹೇಗೆ ನಿಜ? ಅವರು ಇಬ್ಬರು ಹೆಂಡತಿಯರನ್ನು ಮುಂದಿಟ್ಟು ವಿವರಿಸುತ್ತಾರೆ. ದಾರಿ ತಪ್ಪಿದವಳಿಗೆ ಗಂಡ ಎಲ್ಲಿ ಬಂದುಬಿಡುತ್ತಾನೋ ಎಂಬ ಭಯ. ನಿಷ್ಠೆಯಿಂದಿರುವವಳಿಗೆ ಗಂಡ ಎಲ್ಲಿ ಬಿಟ್ಟುಹೋಗುತ್ತಾನೋ ಎಂಬ ಭಯ. ಪ್ರೀತಿ ಹೊರಗಟ್ಟುವುದು ಮೊದಲಿನದನ್ನು. ಎರಡನೆಯದು ಪ್ರೀತಿಯಿಂದಲೇ ಹುಟ್ಟಿದ್ದು. ಹದಿಮೂರನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ಶಿಕ್ಷೆಗೆ ಹೆದರುವ ದಾಸನ ಭಯ, ತಂದೆಯ ಮನಸ್ಸು ನೋಯಿಸಲು ಹೆದರುವ ಮಗನ ಭಯ ಎಂದು ಬಿಡಿಸಿ ಹೇಳಿದರು. ಪ್ರೀತಿ ಹೆಚ್ಚಿದಂತೆ ದಾಸನ ಭಯ ಇಳಿಯುತ್ತದೆ, ಮಗನ ಭಯ ಏರುತ್ತದೆ. ಸ್ವರ್ಗದಲ್ಲೂ ಅದು ಆರಾಧನೆಯ ರೂಪದಲ್ಲಿ ಇದ್ದೇ ಇರುತ್ತದೆ ಎನ್ನುವುದು ಅವರ ಮಾತು.

ಹಾಗಾದರೆ ನಿಮ್ಮ ನರಕದ ಹೆದರಿಕೆಗೆ ಬೆಲೆಯೇ ಇಲ್ಲವೆ? ಖಂಡಿತ ಇದೆ. ಇಂಥ ಹೆದರಿಕೆಯಿಂದ ಪಶ್ಚಾತ್ತಾಪಪಡುವವರು ಕಪಟಿಗಳು ಎಂಬ ವಾದ ಎದ್ದಾಗ, 1551ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಅದನ್ನು ತಳ್ಳಿಹಾಕಿತು. ಪಾಪ ಮಾಡುವ ಮನಸ್ಸನ್ನು ಬಿಟ್ಟು, ಕ್ಷಮೆ ಸಿಗುತ್ತದೆಂದು ನಂಬಿ ಬಂದರೆ ಆ ಅಪೂರ್ಣ ಪಶ್ಚಾತ್ತಾಪವೂ ದೇವರ ಕೊಡುಗೆಯೇ, ಪಾಪನಿವೇದನೆಯ ಸಂಸ್ಕಾರದಲ್ಲಿ ಕೃಪೆ ಪಡೆಯಲು ಅದು ನಮ್ಮನ್ನು ಸಿದ್ಧಮಾಡುತ್ತದೆ ಎಂದಿತು. ಆದ್ದರಿಂದ ಹೆದರಿಕೆಯಿಂದ ಬಂದೆನಲ್ಲ ಎಂದು ನಾಚಬೇಡಿ. ಬಂದಿರಲ್ಲ, ಅದು ಮುಖ್ಯ.

ಇನ್ನು ಎರಡನೆಯ ಭಯ ಹೇಗಿರುತ್ತದೆ ಎಂದು ತಿಳಿಯಲು ಬಲಿಪೂಜೆಯನ್ನೇ ಗಮನಿಸಿ. ‘ದೇವರ ಕುರಿಮರಿ’ ಎಂಬ ಪ್ರಾರ್ಥನೆ ಆದ ಮೇಲೆ ಗುರುಗಳು ತಲೆಬಾಗಿ ಮೆಲ್ಲಗೆ ಏನೋ ಹೇಳಿಕೊಳ್ಳುವುದನ್ನು ನೋಡಿರುತ್ತೀರಿ. ನಮಗೆ ಕೇಳಿಸದ ಆ ಪ್ರಾರ್ಥನೆಗಳಲ್ಲಿ ಒಂದರ ಕೊನೆಗೆ, ನಿಮ್ಮಿಂದ ನಾನು ಎಂದೂ ಅಗಲದಂತೆ ಮಾಡಿರಿ ಎಂಬ ಬೇಡಿಕೆಯಿದೆ. ದೇವಭಯವೆಂದರೆ ಅಷ್ಟೇ ಎಂದು ನನಗೆ ಅನಿಸುತ್ತದೆ. ಮರುಗಳಿಗೆ ನಾವೆಲ್ಲ, ಯೇಸು ತನ್ನ ಮನೆಗೆ ಬರಲು ಹೊರಟಾಗ ಶತಾಧಿಪತಿ (ಸೇನಾಧಿಕಾರಿ) ಹೇಳಿದ ಮಾತನ್ನು ಹೇಳುತ್ತೇವೆ: ನೀವು ನನ್ನಲ್ಲಿಗೆ ಬರುವಷ್ಟು ನಾನು ಯೋಗ್ಯನಲ್ಲ. ಹಾಗೆಂದು ಯಾರೂ ಬಾಗಿಲ ಕಡೆ ತಿರುಗುವುದಿಲ್ಲ, ಪರಮಪ್ರಸಾದ (ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿ) ಸ್ವೀಕರಿಸಲು ಮುಂದೆ ಹೋಗುತ್ತೇವೆ. ಯೇಸುವಿನ ಶಿಷ್ಯ ಪೇತ್ರನೂ ಅಷ್ಟೆ. ಬಲೆ ಹರಿಯುವಷ್ಟು ಮೀನು ಸಿಕ್ಕಿದಾಗ, ನಾನು ಪಾಪಿ, ನನ್ನನ್ನು ಬಿಟ್ಟುಹೋಗಿ ಎಂದದ್ದು ಯೇಸುವಿನ ಕಾಲಿಗೆ ಬಿದ್ದುಕೊಂಡೇ.

ಅಯೋಗ್ಯತೆಯ ನೆನಪು ಉಳಿದು, ಮುಂದೆ ಹೋಗುವ ಧೈರ್ಯ ಹೋದರೆ ಏನಾಗುತ್ತದೆ ಎಂಬುದಕ್ಕೆ 17ನೇ ಶತಮಾನದ ಫ್ರಾನ್ಸಿನ ಜಾನ್ಸೆನಿಸ್ಟರೆಂಬ ಕಠೋರ ನಿಲುವಿನ ಕಥೋಲಿಕರೇ ಸಾಕ್ಷಿ. ಗೌರವದ ಹೆಸರಿನಲ್ಲಿ ಜನರನ್ನು ಪರಮಪ್ರಸಾದದಿಂದ ದೂರವಿಟ್ಟರು. ಆ ಹಿಂಜರಿಕೆ ಎಷ್ಟು ಆಳಕ್ಕಿಳಿದಿತ್ತೆಂದರೆ, 1905ರಲ್ಲಿ ಹತ್ತನೆಯ ಭಕ್ತಿನಾಥ (ಪಿಯುಸ್) ಪೋಪರ ಕಾಲದಲ್ಲಿ, ಕೃಪಾಸ್ಥಿತಿಯೂ (ಮಾರಕ ಪಾಪವಿಲ್ಲದ ಸ್ಥಿತಿ) ಸದುದ್ದೇಶವೂ ಇದ್ದವರು ದಿನವೂ ಸ್ವೀಕರಿಸಬಹುದು ಎಂದು ಆದೇಶವನ್ನೇ ಹೊರಡಿಸಬೇಕಾಯಿತು.

ನನಗೆ ಹೆಚ್ಚು ಕಳವಳ ತಂದದ್ದು ನೀವು ಕೊನೆಗೆ ಬರೆದ ಮಾತು: ಒಮ್ಮೆ ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುತ್ತಿದ್ದೇನೆ ಎಂದಿದ್ದೀರಿ. ಅದು ದೇವಭಯದ ಫಲವಲ್ಲ, ಪಾಪವಿಲ್ಲದ ಕಡೆಯೂ ಪಾಪವನ್ನೇ ಕಾಣುವ ಅತಿಶಂಕೆಯ ಕಾಟ. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನಾಸಿಯವರು 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇದರಲ್ಲೇ ನರಳಿದರು. ಎಷ್ಟು ನಿವೇದಿಸಿದರೂ ಏನೋ ಬಿಟ್ಟುಹೋಗಿದೆ ಎನಿಸಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿ ನಿರ್ಧಾರ ಮಾಡಿದ ಮೇಲೆಯೇ ಅವರಿಗೆ ಬಿಡುಗಡೆ.

ನೀವೂ ಗುರುಗಳನ್ನು ಬದಲಿಸುತ್ತಾ ಹೋಗಬೇಡಿ. ಒಬ್ಬರನ್ನೇ ಆರಿಸಿಕೊಂಡು, ಕ್ಷಮೆ ಸಿಕ್ಕಿದ ಮೇಲೂ ನನಗೆ ನಂಬಿಕೆ ಬರುತ್ತಿಲ್ಲ ಎಂದು ಮೊದಲೇ ಹೇಳಿಬಿಡಿ. ಮುಗಿದದ್ದನ್ನು ಮತ್ತೆ ತರಬೇಡಿ ಎಂದು ಅವರು ಹೇಳಿದರೆ, ಮನಸ್ಸು ಎಷ್ಟೇ ಒತ್ತಾಯಿಸಲಿ, ತರಬೇಡಿ. ಊಟ, ನಿದ್ದೆ ಕೆಡುವಷ್ಟು ಚಿಂತೆಯಿದ್ದರೆ ಮನೋವೈದ್ಯರನ್ನೂ ಕಾಣಿ. ಅದರಿಂದ ನಿಮ್ಮ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ.