ಹೌದು, ಒಬ್ಬಳನ್ನು 'ಶಿಷ್ಯೆ' ಎಂದೇ ಕರೆದಿದ್ದಾರೆ: ತಬಿಥಾ

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಯಾವುದಾದರೂ ಹೆಂಗಸನ್ನು ನೇರವಾಗಿ 'ಶಿಷ್ಯೆ' ಎಂದು ಕರೆದಿದ್ದಾರಾ ಎಂದು ಕೇಳಿದ್ದೀರಿ. ಕರೆದಿದ್ದಾರೆ, ಒಂದೇ ಒಂದು ಕಡೆ. ಅದರಲ್ಲಿರುವ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 9ನೇ ಅಧ್ಯಾಯ, 36ನೇ ವಚನ ನೋಡಿ. ಯೊಪ್ಪ ಊರಿನ ತಬಿಥಾ. ಗ್ರೀಕ್ ಮೂಲದಲ್ಲಿ ಅಲ್ಲಿರುವುದು 'ಮಥೇತ್ರಿಯಾ', ಶಿಷ್ಯ ಎಂಬುದರ ಸ್ತ್ರೀಲಿಂಗ. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಮತ್ತೆಲ್ಲೂ ಬರುವುದಿಲ್ಲ. ಗ್ರೀಕಿನಲ್ಲಿ ಅವಳ ಹೆಸರು ದೊರ್ಕ. ಎರಡೂ ಹೆಸರಿನ ಅರ್ಥ ಜಿಂಕೆ.

ಅವಳು ಕಾಯಿಲೆ ಬಿದ್ದು ಸತ್ತಳು. ಹೆಣವನ್ನು ತೊಳೆದು ಮೇಲಂತಸ್ತಿನ ಕೋಣೆಯಲ್ಲಿ ಮಲಗಿಸಿದರು. ಪಕ್ಕದ ಲುದ್ದ ಊರಿನಲ್ಲಿದ್ದ, ಯೇಸುವಿನ ಶಿಷ್ಯ ಪೇತ್ರನಿಗೆ ಇಬ್ಬರ ಕೈಲಿ ಹೇಳಿಕಳಿಸಿದರು. ಅವನು ಬಂದಾಗ ವಿಧವೆಯರೆಲ್ಲ ಸುತ್ತ ನಿಂತು ಅಳುತ್ತಿದ್ದರು. ಮಾತಿಗಿಂತ ಜಾಸ್ತಿ ಅವರು ಬಟ್ಟೆ ತೋರಿಸಿದರು: ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳು, ಹೊದಿಕೆಗಳು. ಇಲ್ಲಿಗೆ ಬಂದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಅವಳು ಆಡಿದ ಒಂದು ಮಾತೂ ಉಳಿದಿಲ್ಲ, ಹೊಲಿಗೆ ಮಾತ್ರ ಉಳಿದಿದೆ, ಅಲ್ವಾ?

ಪೇತ್ರ ಎಲ್ಲರನ್ನೂ ಹೊರಗೆ ಕಳಿಸಿ, ಮೊಣಕಾಲೂರಿ ಪ್ರಾರ್ಥಿಸಿ, "ತಬಿಥಾ, ಏಳು" ಎಂದ. ಅವಳು ಕಣ್ಣು ತೆರೆದು ಎದ್ದು ಕೂತಳು ಎನ್ನುತ್ತದೆ ಕಥೆ.

ಪವಾಡದ ಗದ್ದಲದಲ್ಲಿ ಆ 'ಶಿಷ್ಯೆ' ಪದ ಸುಮ್ನೆ ಕಣ್ತಪ್ಪಿ ಹೋಗುತ್ತದೆ. 36ರಿಂದ 42ರವರೆಗೆ ನಿಧಾನವಾಗಿ ಓದಿ, ಏಳೇ ವಚನ.