ತಪ್ಪಿದ ಬಸ್ಸು ಮತ್ತು ಸಬಾ ಸಬಾ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕೀನ್ಯಾದ ಬೀದಿ ಹೋರಾಟದ ಬಗ್ಗೆ ಎರಡು ಪುಟ ಹಾಕಿದ್ದೀರಿ. ಸಂವಿಧಾನ ತಿದ್ದುವುದು ಪಾರ್ಲಿಮೆಂಟಿನ ಕೆಲಸ, ಬೀದಿಯಲ್ಲಿ ಬೊಬ್ಬೆ ಹೊಡೆಯುವವರದ್ದಲ್ಲ. ಮೊನ್ನೆ ಯಾರದ್ದೋ ಜಾಥಾದಿಂದಾಗಿ ನನಗೆ ಪುತ್ತೂರಿನ ಬಸ್ಸು ತಪ್ಪಿತು. ಇಂಥದ್ದಕ್ಕೆ ಪ್ರೋತ್ಸಾಹ ಕೊಡಬೇಡಿ. – ನಿವೃತ್ತ ಗಣಿತ ಅಧ್ಯಾಪಕ, ಬದಿಯಡ್ಕ

ಸಂಪಾದಕರ ಉತ್ತರ: ಮಾಸ್ಟ್ರೇ, ಬಸ್ಸು ತಪ್ಪಿದ್ದಕ್ಕೆ ನಿಜವಾಗಿ ಬೇಜಾರಾಯ್ತು. ಬಿಸಿಲಲ್ಲಿ ಇನ್ನೊಂದು ಬಸ್ಸಿಗೆ ಕಾಯೋದು ಎಂತ ಅಂತ ನನಗೂ ಗೊತ್ತುಂಟು. ನೀವು ಹೇಳಿದ್ದರಲ್ಲಿ ಅರ್ಧ ಸರಿಯೇ, ಕೊನೆಗೆ ಕಾನೂನು ಪಾಸಾಗೋದು ಸಭೆಯ ಒಳಗೇ, ಕಲ್ಲು ಬಿಸಾಡಿದವ ಯಾವ ದೇಶದಲ್ಲೂ ಒಂದು ಒಳ್ಳೆ ಕಲಂ ಬರೆದದ್ದಿಲ್ಲ. ಆಯ್ತಾ? ನಿಮ್ಮ ಪಾಲಿಂದು ಕೊಟ್ಟಾಯ್ತು. ಈಗ ನನ್ನದು ಕೇಳಿ.

ಪಾರ್ಲಿಮೆಂಟಿನ ಕೆಲಸ ಅಂದ್ರಲ್ಲ, 1982ರಲ್ಲಿ ಸಂವಿಧಾನಕ್ಕೆ 2ಎ ಅಂತ ಒಂದು ಕಲಂ ತುರುಕಿ ಕೀನ್ಯಾದಲ್ಲಿ ಆಳುವ ಕಾನು ಪಕ್ಷ ಬಿಟ್ಟು ಬೇರೆ ಪಕ್ಷವೇ ಇರ್ಬಾರ್ದು ಅಂತ ಮಾಡಿದ್ದು ಯಾರು? ಅದೇ ಪಾರ್ಲಿಮೆಂಟು. 1988ರಲ್ಲಿ ಅಭ್ಯರ್ಥಿ ಆರಿಸ್ಲಿಕ್ಕೆ ಗುಟ್ಟಿನ ಮತವೂ ಬೇಡ ಅಂತ ಆಯ್ತು. ಯಾರು ಬೇಕೋ ಅವರ ಹಿಂದೆ ಜನ ಕ್ಯೂ ನಿಲ್ಲೋದು, ಆಫೀಸರು ತಲೆ ಎಣಿಸೋದು. ಎಷ್ಟೋ ಕಡೆ ಗಿಡ್ಡ ಕ್ಯೂವಿನವನೇ ಗೆದ್ದ ಅಂತ ಡಿಕ್ಲೇರ್ ಮಾಡಿದ್ರು! ನೀವು ಗಣಿತದ ಮಾಸ್ಟ್ರು, ಉದ್ದ ಗೆರೆ ಯಾವುದು ಗಿಡ್ಡ ಯಾವುದು ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಹೇಳ್ಲಿಕ್ಕೆ ಬರ್ತದೆ. ಹಾಗೆ ಬಂದು ಕೂತವರಿಗೆ ಒಂದು ಮನವಿ ಕೊಟ್ಟು ಉತ್ತರಕ್ಕೆ ಕಾಯ್ಬೇಕಿತ್ತಾ?

1990ರ ಜುಲೈ 7ಕ್ಕೆ ನೈರೋಬಿಯ ಕಾಮುಕುಂಜಿ ಮೈದಾನದಲ್ಲಿ, ಬೇರೆ ಪಕ್ಷಗಳಿಗೂ ಜಾಗ ಬೇಕು ಅಂತ ಕೇಳ್ಲಿಕ್ಕೆ ಸಭೆ ಅಂತ ಹೇಳಿದ್ರು, ಪರ್ಮಿಶನ್ ಇಲ್ಲ, ಕರೆದ ಮುಂದಾಳುಗಳನ್ನು ಮೂರು ದಿನ ಮೊದಲೇ ಒಳಗೆ ಹಾಕಿಯಾಗಿತ್ತು, ಆದ್ರೂ ಜನ ಬಂದ್ರು, ಪೆಟ್ಟು ತಿಂದ್ರು, ಸತ್ತದ್ದೂ ಉಂಟು. ಏಳನೇ ತಿಂಗಳ ಏಳನೇ ತಾರೀಕು, ಅವರ ಭಾಷೆಯಲ್ಲಿ ಸಬಾ ಸಬಾ, ಏಳು ಏಳು. 1991ರ ಡಿಸೆಂಬರಲ್ಲಿ ಅದೇ ಪಾರ್ಲಿಮೆಂಟು ಅದೇ 2ಎಯನ್ನು ಕಿತ್ತು ಹಾಕ್ತು. ನೆರವು ಕೊಡುವ ದೇಶಗಳು ಕೈ ಬಿಗಿ ಮಾಡಿದ್ದೂ ಅದಕ್ಕೆ ಕಾರಣ, ಇಲ್ಲ ಅಂತ ಹೇಳೋದಿಲ್ಲ.

ಆದ್ರೆ ನನಗೆ ಇದೆಲ್ಲಕ್ಕಿಂತ ಹೆಚ್ಚು ತಾಗಿದ್ದು 1992ರ ತಾಯಂದಿರ ಕಥೆ. ರಾಜಕೀಯ ಕೈದಿಗಳಾಗಿದ್ದ ಮಕ್ಕಳನ್ನು ಬಿಡಿ ಅಂತ ಹಳ್ಳಿಯಿಂದ ಬಂದ ಮುದುಕಿಯರು ಊಹುರು ಪಾರ್ಕಲ್ಲಿ ಉಪವಾಸ ಕೂತ್ರು, ಜೊತೆಗೆ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ. ಪೊಲೀಸರು ಲಾಠಿ ಹಿಡ್ಕೊಂಡು ಬಂದಾಗ ಕೆಲವರು ಉಟ್ಟ ಬಟ್ಟೆ ಬಿಚ್ಚಿ ನಿಂತ್ರು. ಅಲ್ಲಿ ಅದು ದೊಡ್ಡ ಶಾಪ. ಆಮೇಲೆ ಪಕ್ಕದ ಆಲ್ ಸೈಂಟ್ಸ್ ಇಗರ್ಜಿಯೊಳಗೆ ಹೆಚ್ಚುಕಡಿಮೆ ಒಂದು ವರ್ಷ ಕೂತೇ ಇದ್ರು, ಮಕ್ಕಳು ಹೊರಗೆ ಬರುವ ತನಕ.

ಇದನ್ನು ಓದುವಾಗ ನನಗೆ ವಿದ್ಯಾನಗರದ ಕಲೆಕ್ಟರೇಟಿನ ಎದುರು ಕಂಡ ಒಬ್ಬ ಅಮ್ಮ ನೆನಪಾಗ್ತಾರೆ. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ವಿಷದಿಂದ ಕಾಯಿಲೆ ಬಿದ್ದವರ ಧರಣಿ, ಹತ್ತು ಹನ್ನೆರಡು ವರ್ಷದ ಮಗ ಚಾಪೆ ಮೇಲೆ, ತಲೆ ಎತ್ಲಿಕ್ಕೆ ಆಗೋದಿಲ್ಲ. ಯಾರೋ ಮೈಕಲ್ಲಿ ಮುಕ್ಕಾಲು ಗಂಟೆ ಭಾಷಣ, ಅವರು ಅದನ್ನು ಕೇಳ್ತಾ ಇರ್ಲಿಲ್ಲ. ಹಂಚಿದ ನೋಟೀಸನ್ನೇ ನಾಲ್ಕು ಮಡಿಕೆ ಮಾಡಿ ಮಗನಿಗೆ ಗಾಳಿ ಹಾಕ್ತಿದ್ರು, ನಡುನಡುವೆ ಸೆರಗಿನ ತುದಿಯಲ್ಲಿ ಅವನ ಬಾಯಿ ಒರೆಸ್ತಿದ್ರು. ಆ ನೋಟೀಸು ಬರೆದವ ನಾನು, ಅದು ಉಪಯೋಗಕ್ಕೆ ಬಂದದ್ದು ಅಷ್ಟೇ. ಕೋರ್ಟ್ ಉಂಟಲ್ಲ ಅಂತ ನೀವು ಕೇಳ್ಬಹುದು. ಉಂಟು, 2011ರಲ್ಲಿ ಇಡೀ ದೇಶದಲ್ಲಿ ಆ ವಿಷ ನಿಲ್ಲಿಸಿದ್ದು ಸುಪ್ರೀಂ ಕೋರ್ಟೇ. 2017ರಲ್ಲಿ ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ ಹೇಳಿದ್ದೂ ಅವರೇ. 2019ರ ಜನವರಿಯಲ್ಲಿ ಇದೇ ತಾಯಂದಿರು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಎದುರು ಕೂರ್ಬೇಕಾಯ್ತು. ನೀವು ಗಣಿತದವರು, ಆ ಮೂರು ತಿಂಗಳು ಎಷ್ಟು ತಿಂಗಳಾಯ್ತು ನೀವೇ ಲೆಕ್ಕ ಹಾಕಿ.

ಕೀನ್ಯಾಕ್ಕೆ ವಾಪಸ್ ಬರ್ತೇನೆ. ನಿಮಗೆ ಬೀದಿ ಅಂದ್ರೆ ಬೊಬ್ಬೆ ಅಂತ ಮಾತ್ರ ಕಾಣ್ತದೆ, ಆದ್ರೆ ಅಲ್ಲಿನ ವಕೀಲರು, ಮಾನವ ಹಕ್ಕಿನವರು ಸೇರಿ 1994ರಲ್ಲೇ ಒಂದು ಮಾದರಿ ಸಂವಿಧಾನದ ಕರಡು ಬರೆದಿಟ್ಟಿದ್ರು. 1997ರ ಏಪ್ರಿಲಲ್ಲಿ ಲಿಮುರು ಎಂಬ ಊರಲ್ಲಿ ಸಮಾವೇಶ ಮಾಡಿ ಕಾರ್ಯಕಾರಿ ಸಮಿತಿ ಕಟ್ಟಿದ್ರು. ಸುಧಾರಣೆ ಇಲ್ಲದಿದ್ರೆ ಇಲೆಕ್ಷನ್ನೂ ಇಲ್ಲ ಅಂದ್ರು. ಮತ್ತೆ ಜುಲೈ 7, ಈ ಸಲ ಪೊಲೀಸರು ಅದೇ ಆಲ್ ಸೈಂಟ್ಸ್ ಇಗರ್ಜಿಯ ಒಳಗೆ ನುಗ್ಗಿ ಪ್ರಾರ್ಥನೆಗೆ ಸೇರಿದವರಿಗೆ ಹೊಡೆದ್ರು, ಅಶ್ರುವಾಯು ಬಿಟ್ರು, ಪಾದ್ರಿ ಟಿಮೊಥಿ ನ್ಜೋಯಾ ಅವರನ್ನೂ ಬಿಡ್ಲಿಲ್ಲ.

ಆಮೇಲೆ ಆದದ್ದೇ ನನಗೆ ಹೊಟ್ಟೆ ಉರಿಸೋದು. ಸರಕಾರಕ್ಕೆ ಬಿಸಿ ತಾಗಿದ ಕೂಡ್ಲೇ ಆಡಳಿತದ ಎಂಪಿಗಳು, ವಿರೋಧ ಪಕ್ಷದ ಎಂಪಿಗಳು ಒಟ್ಟಿಗೆ ಕೂತು ಒಂದು ಪ್ಯಾಕೇಜ್ ಮಾಡಿದ್ರು. ಸಭೆಗೆ ಲೈಸೆನ್ಸ್ ಬೇಕು ಅನ್ನುವ ಬ್ರಿಟಿಷರ ಕಾಲದ ಕಾನೂನು ಹೋಗಿ ಪೊಲೀಸರಿಗೆ ತಿಳಿಸಿದ್ರೆ ಸಾಕು ಅಂತಾಯ್ತು, ಚುನಾವಣಾ ಆಯೋಗದಲ್ಲಿ ವಿರೋಧ ಪಕ್ಷದವರಿಗೂ ಜಾಗ ಸಿಕ್ತು. ಒಳ್ಳೇದೇ. ಆದ್ರೆ ಪೆಟ್ಟು ತಿಂದ ಸಮಿತಿಯವರು ಹೊರಗೆ! ಪೂರ್ತಿ ಸಂವಿಧಾನ ಅಂತ ಅವರು ಕೇಳಿದ್ದು ಹಾಗೇ ಉಳೀತು, ಡಿಸೆಂಬರಲ್ಲಿ ಕಾನು ಪಕ್ಷದ ಅಧ್ಯಕ್ಷ ಮೋಯಿ ಮತ್ತೆ ಗೆದ್ರು, ಹೊಸ ಸಂವಿಧಾನ ಬರ್ಬೇಕಾದ್ರೆ 2010 ಆಯ್ತು. ಅದರ 37ನೇ ಕಲಂ ಎಂತ ಹೇಳ್ತದೆ ಗೊತ್ತುಂಟಾ? ಶಾಂತವಾಗಿ, ಆಯುಧ ಇಲ್ಲದೆ ಸೇರ್ಲಿಕ್ಕೆ, ಮೆರವಣಿಗೆ ಮಾಡ್ಲಿಕ್ಕೆ ಎಲ್ಲರಿಗೂ ಹಕ್ಕುಂಟು ಅಂತ. ನಮ್ಮ ಸಂವಿಧಾನದ 19(1)(ಬಿ) ಕಲಂ ಕೂಡ ಹೆಚ್ಚುಕಡಿಮೆ ಅದೇ. ನಿಮ್ಮ ಬಸ್ಸು ತಪ್ಪಿಸಿದ ಜಾಥಾ ಸಂವಿಧಾನದ ಒಳಗೇ ಉಂಟು ಮಾರಾಯ್ರೇ!

ನಮ್ಮದನ್ನೂ ಅವರದ್ದನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೇನೆ ಅಂತ ತಿಳ್ಕೊಳ್ಬೇಡಿ, ಇಲ್ಲಿ ನೋಟೀಸು ಪ್ರಿಂಟ್ ಮಾಡಿದ್ದಕ್ಕೆ ನನ್ನನ್ನು ಯಾರೂ ಎಳ್ಕೊಂಡು ಹೋಗ್ಲಿಲ್ಲ. ಆದ್ರೂ ಕಾಸರಗೋಡಿನ ಕನ್ನಡಿಗರಾದ ನಮಗೆ ಮನವಿಯ ಚಟ ಹಿಡಿದದ್ದು ಎಷ್ಟು ವರ್ಷದಿಂದ? 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಊರು ಕರ್ನಾಟಕಕ್ಕೆ ಅಂತ ಬರೆದು ಕೊಟ್ಟದ್ದು ಕಪಾಟಲ್ಲೇ ಉಂಟು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದ್ದಾಗ ಜನ ಬೀದಿಗೆ ಬರ್ತಿದ್ರು. ಈಗ ಮಂತ್ರಿ ಬಂದ್ರೆ ನಾಲ್ಕು ಸಂಘದವರು ನಾಲ್ಕು ಲೆಟರ್‌ಹೆಡ್‌ನಲ್ಲಿ ಒಂದೇ ಮನವಿ ಕೊಡ್ತಾರೆ, ಒಂದು ಶಾಲು, ಒಂದು ಫೋಟೋ, ಮರುದಿನ ಆ ಫೋಟೋ ನನ್ನ ಆಫೀಸಿಗೆ, ಹಾಕಿ ಅಂತ ಫೋನು. ಮೊನ್ನೆ ಒಂದು ಕಚೇರಿಯಲ್ಲಿ ಕನ್ನಡದ ಫಾರ್ಮ್ ಕೇಳಿದ್ದಕ್ಕೆ, ಮಲಯಾಳದ್ದೇ ತುಂಬಿಸಿ, ಓದ್ಲಿಕ್ಕೆ ಬರದಿದ್ರೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹುಡುಗ ಇದ್ದಾನೆ ಅಂದ್ರು. ಹುಡುಗ ಇಪ್ಪತ್ತು ರುಪಾಯಿ ತೆಗೊಂಡ. ನಾನೂ ಕೊಟ್ಟು ಬಂದೆ, ಎಂತ ಹೇಳ್ಲಿಕ್ಕೂ ಬಾಯಿ ಬರ್ಲಿಲ್ಲ.

ನೀವು ಇಷ್ಟು ಚಂದದ ಅಕ್ಷರದಲ್ಲಿ, ಇನ್‌ಲ್ಯಾಂಡಿನ ಮೂರೂ ಬದಿ ತುಂಬಿಸಿ ಬೈದಿದ್ದೀರಲ್ಲ, ಅದು ಖುಷಿ. ಆದ್ರೆ ಒಂದು ಕೇಳ್ಬೇಕು ಅಂತ ಇದ್ದೆ, ಆ ದಿನ ಜಾಥಾ ಹೋದದ್ದು ಎಂತದಕ್ಕೆ ಅಂತ ನೀವು ಬರೆದೇ ಇಲ್ಲ. ಯಾರದ್ದು, ಏನು ಕೇಳಿದ್ರು? ಗೊತ್ತಿದ್ರೆ ಒಂದು ಕಾರ್ಡ್ ಹಾಕಿ, ಮುಂದಿನ ಸಂಚಿಕೆಗೆ ಜಾಗ ಇಟ್ಟಿದ್ದೇನೆ.